ಕೋಟೆಯಾದ ದೇವಾಲಯ, ಕೋಟೆಯೊಳಗಿನ ದೇವಾಲಯ

ಐಮಂಗಲದ ಆಸುಪಾಸಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಕಳೆದ ತಪಸ್ಸುಕಾಲದಂದು ಬಲಿಪೂಜೆಯ ನಂತರ ಒಂದು ಸಭೆ ಸೇರಿತು. ಕಾಣಿಕೆ ಪೆಟ್ಟಿಗೆ ಕಳವಾಗಿತ್ತು. ದೇವಾಲಯದ ಸುತ್ತ ಎತ್ತರದ ಕಾಂಪೌಂಡ್ ಗೋಡೆ ಕಟ್ಟಿಸಿ, ಕಬ್ಬಿಣದ ಗೇಟು ಹಾಕಿಸಿ, ಬೀಗ ಜಡಿಯಬೇಕೆಂಬುದು ಯುವಕರ ಒತ್ತಾಯ. ಹಿರಿಯರಲ್ಲಿ ಹೆಚ್ಚಿನವರು ತಲೆದೂಗಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವೃದ್ಧೆ ಮಾತ್ರ, "ಸ್ವಾಮಿ, ಮಳೆ ಬಂದರೆ ಕುರಿ ಕಾಯುವವರು ನಮ್ಮ ಗುಡಿಯ ಜಗಲಿಯ ಮೇಲೆ ನಿಲ್ಲುತ್ತಾರೆ. ಗೋಡೆ ಹಾಕಿದರೆ ಅವರು ಎಲ್ಲಿಗೆ ಹೋಗಬೇಕು?" ಎಂದು ಕೇಳಿದರು. ಉತ್ತರ ಕೊಡಬೇಕಾದವನು ನಾನಾಗಿದ್ದೆ. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಐಮಂಗಲದಿಂದ ಹೆದ್ದಾರಿ ಹಿಡಿದು ಹೊರಟರೆ ಸೇರುವುದು ಏಳು ಸುತ್ತಿನ ಕೋಟೆಯ ಚಿತ್ರದುರ್ಗವನ್ನು. ಗೋಡೆಯ ಬಲವೇನು, ಮಿತಿಯೇನು ಎಂಬುದನ್ನು ಈ ಸೀಮೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಅಷ್ಟು ಬಲವಾದ ಕೋಟೆಗೂ ಒಂದು ಕಿಂಡಿಯಿತ್ತು. ಆ ಕಿಂಡಿಯನ್ನು ಕಾಯ್ದದ್ದು ಕಲ್ಲಲ್ಲ, ಒನಕೆ ಹಿಡಿದ ಓಬವ್ವ ಎಂಬುದು ನಮ್ಮ ಜನರ ನೆನಪು. ಕಡೆಗೆ 1779ರಲ್ಲಿ ಆ ಕೋಟೆಯೂ ಹೈದರಾಲಿಯ ವಶವಾಯಿತು. ಹಾಗಾದರೆ ದೇವಾಲಯಕ್ಕೂ ಗೋಡೆಗೂ ಇರಬೇಕಾದ ಸಂಬಂಧವೇನು? ಧರ್ಮಸಭೆ ತನ್ನನ್ನು ಕಾಪಾಡಿಕೊಳ್ಳಬಾರದೆ? ಕಾಪಾಡಿಕೊಳ್ಳುವುದಾದರೆ ಯಾವ ರೀತಿಯಲ್ಲಿ? ಈ ಲೇಖನದಲ್ಲಿ ಇದೇ ಪ್ರಶ್ನೆಯನ್ನು ಒಂದೇ ವರ್ಷದ ಎರಡು ದೇವಾಲಯಗಳ ಮೂಲಕ ಪರಿಶೀಲಿಸಲು ಯತ್ನಿಸಿದ್ದೇನೆ. ಒಂದು ಮೆಡಿಟರೇನಿಯನ್ ಸಮುದ್ರದ ಇಬಿಜಾ ದ್ವೀಪದಲ್ಲಿದೆ. ಇನ್ನೊಂದು ನಮ್ಮ ಮಂಗಳೂರಿನಲ್ಲಿದೆ. ಇವೆರಡರ ಹೆಸರಿನೊಂದಿಗೂ ಕೂಡಿಬಂದಿರುವ ವರ್ಷ 1568.

ಬಲಿಪೂಜೆಯ ಗುಡ್ಡ

ಇಬಿಜಾ ದ್ವೀಪವು 1235ರಲ್ಲಿ ಅರಗೊನ್ ರಾಜ್ಯದ ಕ್ರೈಸ್ತ ಪಡೆಗಳ ವಶವಾಯಿತು. ಅದರ ಮುಂದಿನ ಶತಮಾನದಲ್ಲಿ ಗ್ರಾಮೀಣ ಭಾಗದ ನಾಲ್ಕು ವಿಭಾಗಗಳಲ್ಲಿ ನಾಲ್ಕು ದೇವಾಲಯಗಳು ಹುಟ್ಟಿಕೊಂಡವು: ಸಂತ ಅಂತೋಣಿ, ಸಂತ ಮಿಕಾಯೇಲ್, ಸಂತ ಜಾರ್ಜ್ ಮತ್ತು ಸಂತ ಯುಲೇಲಿಯ. ಇವುಗಳನ್ನು ದೂರದಿಂದ ಕಂಡವರಿಗೆ ದೇವಾಲಯವೆನಿಸುವುದಕ್ಕಿಂತ ಮೊದಲು ಕೋಟೆಯೆನಿಸುತ್ತದೆ. ಸುಣ್ಣ ಬಳಿದ ದಪ್ಪ ಗೋಡೆಗಳು. ಬೆರಳೆಣಿಕೆಯ ಸಣ್ಣ ಕಿಟಕಿಗಳು. ಬೆಂಕಿ ಹತ್ತದ ಕಲ್ಲಿನ ಕಮಾನು ಚಾವಣಿ. ಸಂತ ಜಾರ್ಜರ ದೇವಾಲಯದ ಗೋಡೆಯ ತಲೆಯ ಮೇಲೆ ಕೋಟೆಗಿರುವಂತೆಯೇ ತೆನೆಗಳ ಸಾಲಿದೆ.

ಇಂಥ ದೇವಾಲಯ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಆ ದ್ವೀಪದ ಬದುಕನ್ನು ತಿಳಿಯಬೇಕು. ಅಲ್ಲಿನ ರೈತರು ನಮ್ಮಂತೆ ಒತ್ತೊತ್ತಾದ ಮನೆಗಳ ಊರುಗಳಲ್ಲಿ ವಾಸಿಸುತ್ತಿರಲಿಲ್ಲ. ಅವರವರ ಹೊಲಗಳಲ್ಲಿ ಒಂಟಿ ಮನೆಗಳನ್ನು ಕಟ್ಟಿಕೊಂಡಿದ್ದರು. ಎಲ್ಲರಿಗೂ ಸೇರಿದ ಕಟ್ಟಡವೆಂದರೆ ದೇವಾಲಯವೊಂದೇ. ಸಮುದ್ರದ ಕಡೆಯಿಂದ ಕಡಲ್ಗಳ್ಳರ ಭಯ ಸದಾ ಇತ್ತು. ಅವರು ಬರುತ್ತಿದ್ದುದು ಧಾನ್ಯಕ್ಕೆ ಮಾತ್ರವಲ್ಲ, ಮನುಷ್ಯರಿಗಾಗಿ. ಸೆರೆಸಿಕ್ಕವರನ್ನು ಉತ್ತರ ಆಫ್ರಿಕದ ಬಂದರುಗಳಲ್ಲಿ ಗುಲಾಮರನ್ನಾಗಿ ಮಾರುತ್ತಿದ್ದರು ಅಥವಾ ಬಿಡುಗಡೆಯ ಹಣಕ್ಕಾಗಿ ಇಟ್ಟುಕೊಳ್ಳುತ್ತಿದ್ದರು. ಕ್ರೈಸ್ತರ ಹಡಗುಗಳೂ ಎದುರು ದಡದಲ್ಲಿ ಇದನ್ನೇ ಮಾಡುತ್ತಿದ್ದವು ಎಂಬುದನ್ನು ನಾವು ಮರೆಯಬಾರದು. ಇಬಿಜಾ ಪಟ್ಟಣಕ್ಕೆ 16ನೆಯ ಶತಮಾನದಲ್ಲಿ ಇಟಲಿಯ ಶಿಲ್ಪಿ ಜೊವಾನ್ನಿ ಬತ್ತಿಸ್ತ ಕಾಲ್ವಿಯ ನಕ್ಷೆಯಂತೆ ಭದ್ರವಾದ ಕೋಟೆ ಏರಿತು. ಅದು ಇಂದು ಯುನೆಸ್ಕೊದ ವಿಶ್ವ ಪರಂಪರೆಯ ಭಾಗ. ಆದರೆ ದೂರದ ಹೊಲದಲ್ಲಿದ್ದ ತಾಯಿ ಮಗುವನ್ನೆತ್ತಿಕೊಂಡು ಆ ಪಟ್ಟಣದವರೆಗೆ ಓಡಲು ಸಾಧ್ಯವೆ? ಅವಳಿಗೆ ಹತ್ತಿರವಿದ್ದುದು ದೇವಾಲಯ.

ಸಂತ ಯುಲೇಲಿಯಳ ಹಳೆಯ ದೇವಾಲಯ ದಾಳಿಗೀಡಾಗಿ ನಾಶವಾದ ಮೇಲೆ ಅದೇ ಗುಡ್ಡದ ಮೇಲೆ ಹೊಸದನ್ನು ಕಟ್ಟಿದರು. ಅದರ ಕಾಲವನ್ನು 1568 ಎಂದು ಗುರುತಿಸಲಾಗುತ್ತದೆ. ಗುಡ್ಡಕ್ಕೆ ಆ ಜನರ ಭಾಷೆಯಲ್ಲಿ 'ಪುಚ್ ದೆ ಮಿಸ್ಸಾ' ಎಂದು ಹೆಸರು. ಎಂದರೆ 'ಬಲಿಪೂಜೆಯ ಗುಡ್ಡ'. ದೇವಾಲಯದ ಒಂದು ತುದಿಗೆ ಅರೆವೃತ್ತಾಕಾರದ ಬುರುಜು ಅಂಟಿಕೊಂಡಿದೆ. ಅದರ ಮೇಲೆ ತೋಪುಗಳನ್ನು ಇಡುತ್ತಿದ್ದರು. ಭಾನುವಾರ ಬಲಿಪೂಜೆಗೆ ಕರೆಯುತ್ತಿದ್ದ ಗಂಟೆಯೇ ಅಪಾಯದ ದಿನ ಆಶ್ರಯಕ್ಕೆ ಕರೆಯುತ್ತಿತ್ತು. ಒಂದೇ ಛಾವಣಿಯ ಕೆಳಗೆ ಬಲಿಪೀಠ, ಅದರ ಪಕ್ಕದಲ್ಲೇ ತೋಪು! ಇದು ನಮ್ಮನ್ನು ಕಳವಳಗೊಳಿಸಬೇಕು. ಕಳವಳಗೊಳಿಸದಿದ್ದರೆ ನಾವು ಶುಭಸಂದೇಶವನ್ನು ಸರಿಯಾಗಿ ಓದಿಲ್ಲವೆಂದೇ ಅರ್ಥ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಆ ಗೋಡೆಗಳು ಕಾಪಾಡಿದ್ದು ಬೆಳ್ಳಿಯ ಪಾತ್ರೆಗಳಿಗಿಂತ ಹೆಚ್ಚಾಗಿ ಓಡಿಬಂದ ಬಡವರನ್ನು. ಅಲ್ಲಿ ದೇವಾಲಯವು ಕೋಟೆಯ ರಕ್ಷಣೆಯನ್ನು ಬೇಡಲಿಲ್ಲ. ತಾನೇ ಕೋಟೆಯಾಗಿ ಜನರನ್ನು ಒಳಗೆ ಕರೆದುಕೊಂಡಿತು.

ಕಡಲ ಭಯ ಕಡಿಮೆಯಾದಂತೆ ಈ ದೇವಾಲಯದ ಮುಂದೆ ಕಮಾನುಗಳ ವಿಶಾಲವಾದ ಜಗಲಿಯೊಂದು ಸೇರಿಕೊಂಡಿತು. ಬಿಸಿಲಲ್ಲಿ ದೂರದಿಂದ ನಡೆದುಬಂದವರು ಬಲಿಪೂಜೆಗೆ ಮೊದಲು ಅಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು. ಭಯದ ಕಾಲ ಬುರುಜನ್ನು ಕಟ್ಟಿತು. ಭಯ ಕಳೆದ ಕಾಲ ಜಗಲಿಯನ್ನು ಕಟ್ಟಿತು. ಇಂದು ತೋಪುಗಳ ಕೆಲಸ ಮುಗಿದಿದೆ, ಜಗಲಿಯ ಕೆಲಸ ಮುಗಿದಿಲ್ಲ.

ಮಂಗಳೂರಿನ ಕೋಟೆ

ಅದೇ 1568ರಲ್ಲಿ ಪೋರ್ಚುಗೀಸ್ ವೈಸರಾಯ್ ಅಂತಾವ್ ದ ನೊರೊನ್ಹಾನ ಪಡೆ ಮಂಗಳೂರಿನಲ್ಲಿ ಕಾಲೂರಿ ಕೋಟೆಯೊಂದನ್ನು ಕಟ್ಟಲು ಆರಂಭಿಸಿತು. ಅದಕ್ಕೆ ಸಂತ ಸೆಬಾಸ್ಟಿಯನ್ನರ ಹೆಸರಿಟ್ಟರು. ಆಗ ಪೋರ್ಚುಗಲ್ಲಿನ ಸಿಂಹಾಸನದಲ್ಲಿದ್ದವನ ಹೆಸರೂ ಸೆಬಾಸ್ಟಿಯನ್. ಬೋಳಾರದ ಜಪಮಾಲೆ ಮಾತೆಯ ದೇವಾಲಯ, ಎಂದರೆ ಇಂದಿನ ರೊಸಾರಿಯೊ ಪ್ರಧಾನಾಲಯದ ಮೂಲ, ಆ ವರ್ಷದ್ದೇ. 1623ರಲ್ಲಿ ಮಂಗಳೂರಿಗೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಇಲ್ಲಿನ ದೇವಾಲಯಗಳನ್ನು ತನ್ನ ಪತ್ರಗಳಲ್ಲಿ ಹೆಸರಿಸಿದ್ದಾನೆ. ಕೋಟೆಯ ಕಟ್ಟಡ ಮಾತ್ರ ಅವನಿಗೆ ಅಷ್ಟೇನೂ ಹಿಡಿಸಲಿಲ್ಲ.

ವರ್ಷ ಒಂದೇ ಆದರೂ ಈ ಎರಡು ದೇವಾಲಯಗಳ ಗೋಡೆಗಳ ಅರ್ಥ ಒಂದೇ ಅಲ್ಲ. ಇಬಿಜಾದಲ್ಲಿ ಗೋಡೆಯನ್ನು ಕಟ್ಟಿಕೊಂಡವರು ದಾಳಿಗೆ ಹೆದರಿದ ರೈತರು. ಮಂಗಳೂರಿನಲ್ಲಿ ಗೋಡೆಯನ್ನು ಕಟ್ಟಿದವರು ದಾಳಿ ಮಾಡಿ ಬಂದವರು. ಅವರಿಗೆ ಬೇಕಾಗಿದ್ದುದು ಬಂದರಿನ ವ್ಯಾಪಾರದ ಹಿಡಿತ. ಜಪಮಾಲೆ ಮಾತೆಯ ಬಲಿಪೀಠವು ಆ ಕೋಟೆಯ ನೆರಳಿನಲ್ಲಿ ನಿಂತಿತು. ಅದನ್ನು ನೋಡಿದ ಊರಿನ ಜನ ಏನೆಂದುಕೊಂಡಿರಬಹುದು? ಉಳ್ಳಾಲದ ರಾಣಿ ಅಬ್ಬಕ್ಕನ ಪ್ರಜೆಗಳಿಗೆ ಶಿಲುಬೆಯೂ ತೋಪೂ ಒಂದೇ ಹಡಗಿನಿಂದ ಇಳಿದ ಸಾಮಾನುಗಳಾಗಿ ಕಂಡಿದ್ದರೆ ಅವರನ್ನು ದೂಷಿಸಲಾಗದು. ಅಂದಿನ ಮಿಷನರಿಗಳಲ್ಲಿ ನಿಜವಾದ ತ್ಯಾಗಜೀವಿಗಳಿದ್ದರು. ಅವರ ಶ್ರಮದ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಆದರೆ ಬೇರೆಯವರ ಕೋಟೆಯ ನೆರಳಿನಲ್ಲಿ ನಿಂತ ದೇವಾಲಯ ಆ ಕೋಟೆಯ ಹಗೆತನಗಳಿಗೂ ವಾರಸುದಾರನಾಗುತ್ತದೆ. ಈ ಸತ್ಯವನ್ನು ಕರಾವಳಿಯ ಕ್ರೈಸ್ತರು ಬಹಳ ಬೆಲೆ ತೆತ್ತು ಕಲಿತರು.

ರಾಣಿ ಕೊಟ್ಟ ನೆಲ

17ನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕನು ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡನು. ಕೋಟೆಯ ಬಲ ಹೋಯಿತು, ಸಭೆ ಹೋಗಲಿಲ್ಲ. ಮುಂದೆ ಕೆಳದಿಯವರು ಮಾಡಿಕೊಂಡ ಒಪ್ಪಂದಗಳಲ್ಲಿ ಕ್ರೈಸ್ತರಿಗೆ ದೇವಾಲಯ ಕಟ್ಟಲು ಅವಕಾಶ ದೊರೆಯಿತು. 1680ರಲ್ಲಿ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರು ಮಂಗಳೂರಿನಲ್ಲಿ ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದರು. ಅದಕ್ಕೆ ನೆಲ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಔರಂಗಜೇಬನ ಸೇನೆಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತವಳೂ ಇವಳೇ. ಇದು ನಮ್ಮ ಧರ್ಮಸಭಾ ಚರಿತ್ರೆಯ ಪಾಠಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಸಂಗತಿ. ಆದರೆ ಇದರ ತೂಕ ದೊಡ್ಡದು. ವೀರಶೈವ ರಾಣಿಯೊಬ್ಬಳು ಕೊಟ್ಟ ನೆಲದ ಮೇಲೆ, ಪೋರ್ಚುಗಲ್ಲಿನ ತೋಪುಗಳ ಹಂಗಿಲ್ಲದೆ, ಕ್ರಿಸ್ತನ ಬಲಿಪೀಠ ನಿಂತಿತು. ಇಲ್ಲಿ ದೇವಾಲಯವನ್ನು ಕಾಯುತ್ತಿದ್ದುದು ನೆರೆಯವರು ಇಟ್ಟ ನಂಬಿಕೆ.

ಹಾಗೆಂದು ನಂಬಿಕೆ ಎಂದಿಗೂ ಸೋಲುವುದಿಲ್ಲವೆಂದು ಹೇಳುವುದು ಚರಿತ್ರೆಗೆ ಮಾಡುವ ದ್ರೋಹ. 1784ರ ಜನವರಿ ಕೊನೆಯಲ್ಲಿ, ದೀರ್ಘ ಮುತ್ತಿಗೆಯ ನಂತರ, ಆಂಗ್ಲರು ಮಂಗಳೂರಿನ ಕೋಟೆಯನ್ನು ಟಿಪ್ಪು ಸುಲ್ತಾನನಿಗೆ ಬಿಟ್ಟುಕೊಟ್ಟರು. ಕೆಲವೇ ವಾರಗಳಲ್ಲಿ, ಫೆಬ್ರವರಿ 24ರ ವಿಭೂತಿ ಬುಧವಾರ, ಕರಾವಳಿಯ ಕ್ರೈಸ್ತರ ಬಂಧನ ನಡೆಯಿತೆಂದು ಪರಂಪರೆ ಹೇಳುತ್ತದೆ. ಆಂಗ್ಲರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆಬೇರೆ ಬರಹಗಳು ಬೇರೆಬೇರೆಯಾಗಿ ಕೊಡುತ್ತವೆ. ಅವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು; ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ರೊಸಾರಿಯೊ ನೆಲಸಮವಾಯಿತು. ರಾಣಿ ಕೊಟ್ಟ ನೆಲದ ಮಿಲಾಗ್ರಿಸ್ ಕೂಡ ನೆಲಸಮವಾಯಿತು. ಹೊಸಬೆಟ್ಟಿನ ಪವಿತ್ರ ಶಿಲುಬೆಯ ದೇವಾಲಯ ಮಾತ್ರ ಮೂಡುಬಿದಿರೆಯ ಚೌಟ ಅರಸರ ಸ್ನೇಹದಿಂದ ಉಳಿಯಿತೆಂದು ಆ ಸೀಮೆಯ ಕ್ರೈಸ್ತರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಶ್ರೀರಂಗಪಟ್ಟಣವೂ ಒಂದು ದ್ವೀಪ. ಕಾವೇರಿಯ ಕವಲುಗಳ ನಡುವಿನ ಕೋಟೆ. ಇಬಿಜಾದ ಕ್ರೈಸ್ತನಿಗೆ ಗೋಡೆ ಆಶ್ರಯವಾಗಿತ್ತು. ಇಲ್ಲಿ ಅದೇ ಗೋಡೆ ಸೆರೆಯಾಯಿತು. ದೇವಾಲಯವಿಲ್ಲ, ಗಂಟೆಯಿಲ್ಲ, ಬಹುತೇಕರಿಗೆ ಗುರುಗಳೂ ಇಲ್ಲ. 15 ವರ್ಷಗಳ ನಂತರ, 1799ರ ಮೇ 4ರಂದು ಕೋಟೆ ಬಿದ್ದಾಗ, ಬದುಕುಳಿದವರಲ್ಲಿ ಅನೇಕರು ಕರಾವಳಿಗೆ ಹಿಂತಿರುಗಿದರು. ನಮ್ಮ ಜನ 'ದೊಡ್ಡ ಸ್ವಾಮಿಯೋರು' ಎಂದು ಕರೆದ ಅಬ್ಬೆ ದ್ಯೂಬ್ವಾ ಅವರು ಶ್ರೀರಂಗಪಟ್ಟಣದಲ್ಲಿ ಉಳಿದವರನ್ನು ಹುಡುಕಿ, ಸಭೆಯೊಂದಿಗೆ ಮತ್ತೆ ಕೂಡಿಸಿದರು. 1813ರಲ್ಲಿ ರೊಸಾರಿಯೊ ಮತ್ತೆ ಎದ್ದಿತು. ಇಂದು ನಾವು ಕಾಣುವ ಗುಮ್ಮಟದ ಪ್ರಧಾನಾಲಯದ ಕೆಲಸ ಆರಂಭವಾದದ್ದು 1910ರಲ್ಲಿ. ಸಂತ ಪೇತ್ರರು ಹೇಳುವ ಸಜೀವ ಶಿಲೆಗಳೆಂದರೆ ಏನೆಂದು ಕೇಳುವ ವಿದ್ಯಾರ್ಥಿಗೆ ನಾನು ಈ ಹಿಂತಿರುಗಿದವರನ್ನು ತೋರಿಸುತ್ತೇನೆ. ಕಟ್ಟಡಗಳೆಲ್ಲ ಬಿದ್ದಾಗಲೂ ಅವರು ಉಳಿದಿದ್ದರು. ಆದ್ದರಿಂದಲೇ ಕಟ್ಟಡಗಳು ಮತ್ತೆ ಎದ್ದವು.

ಧರ್ಮಗ್ರಂಥದ ಗೋಡೆಗಳು

ಪವಿತ್ರ ಗ್ರಂಥ ಗೋಡೆಯನ್ನು ಸರಳವಾಗಿ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ನೆಹೆಮೀಯನು ಜೆರುಸಲೇಮಿನ ಗೋಡೆಯನ್ನು ಕಟ್ಟಿದಾಗ ಅದು ಪುಣ್ಯಕಾರ್ಯವೇ ಆಗಿತ್ತು. ಅವಮಾನಕ್ಕೊಳಗಾದ ಸಣ್ಣ ಜನಾಂಗಕ್ಕೆ ಅದು ತಲೆಯೆತ್ತಿ ಬಾಳುವ ಧೈರ್ಯವಿತ್ತಿತು. ಆದರೆ ಆತನೇ ಗೋಡೆಯ ಕೆಲಸದ ನಡುವೆ, ಬಡವರ ಹೊಲಗಳನ್ನು ಅಡವಿಟ್ಟುಕೊಂಡಿದ್ದ ಧನಿಕರನ್ನು ತರಾಟೆಗೆ ತೆಗೆದುಕೊಂಡನೆಂಬುದನ್ನು ಐದನೆಯ ಅಧ್ಯಾಯದಲ್ಲಿ ಓದುತ್ತೇವೆ. ಒಳಗಿನ ಅನ್ಯಾಯವನ್ನು ಹೊರಗಿನ ಗೋಡೆ ಸರಿಪಡಿಸದು. ಪ್ರವಾದಿ ಜೆಕರ್ಯನು ಇನ್ನೂ ಮುಂದೆ ಹೋಗುತ್ತಾನೆ: ಜೆರುಸಲೇಮಿನಲ್ಲಿ ತುಂಬುವ ಜನರನ್ನು ಯಾವ ಗೋಡೆಯೂ ಹಿಡಿಸದು, ದೇವರೇ ಅದರ ಸುತ್ತ ಬೆಂಕಿಯ ಗೋಡೆಯಾಗುವರು. ಕೀರ್ತನೆಗಳು ದೇವರನ್ನು ಬಂಡೆಯೆಂದೂ ದುರ್ಗವೆಂದೂ ಕರೆಯುವಾಗ ಹೇಳುವುದೂ ಇದನ್ನೇ. ಕೋಟೆ ಎಂಬ ಹೆಸರು ಮೂಲತಃ ದೇವರಿಗೆ ಸಲ್ಲತಕ್ಕದ್ದು. ನಮ್ಮ ಕಲ್ಲಿಗೆ ಅದು ಎರವಲು ಬಂದದ್ದು.

ಹೊಸ ಒಡಂಬಡಿಕೆಯಲ್ಲಿ ಎರಡು ಬಾಗಿಲುಗಳನ್ನು ಒಟ್ಟಿಗೆ ನೋಡಬೇಕು. ಪುನರುತ್ಥಾನದ ಸಂಜೆ ಶಿಷ್ಯರು ಭಯದಿಂದ ಮುಚ್ಚಿಕೊಂಡಿದ್ದ ಬಾಗಿಲು ಒಂದು. ಪ್ರಭು ಅವರನ್ನು ಆ ಭಯಕ್ಕಾಗಿ ಗದರಿಸಲಿಲ್ಲ. ಮುಚ್ಚಿದ ಬಾಗಿಲಿನೊಳಗೇ ಬಂದು ಶಾಂತಿಯನ್ನಿತ್ತರು. ಆದರೆ ಶಾಂತಿಯಿತ್ತ ಕ್ಷಣವೇ ಅವರನ್ನು ಹೊರಗೆ ಕಳುಹಿಸಿದರು. ಇನ್ನೊಂದು, ಪ್ರಕಟನೆ ಗ್ರಂಥದ ಪವಿತ್ರ ನಗರದ ಬಾಗಿಲು. ಆ ನಗರಕ್ಕೆ ಎತ್ತರವಾದ ಗೋಡೆಯಿದೆ, ಹನ್ನೆರಡು ಬಾಗಿಲುಗಳಿವೆ. ಆ ಬಾಗಿಲುಗಳು ಎಂದೂ ಮುಚ್ಚುವುದಿಲ್ಲ. ಗೋಡೆ ಇದ್ದೂ ಬಾಗಿಲು ತೆರೆದಿರುವುದು: ಧರ್ಮಸಭೆಯ ಗುರುತು ಇದೇ. ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿಹಟ್ಟಿಗೆ ಹೋಲಿಸಿ, ಆ ಹಟ್ಟಿಗೆ ಕ್ರಿಸ್ತರೊಬ್ಬರೇ ಬಾಗಿಲು ಎಂದು ಬೋಧಿಸಿದಾಗ ಹೇಳಿದ್ದೂ ಇದನ್ನೇ. ಹಟ್ಟಿ ಕಟ್ಟಿ ಬಾಳುವ ನಮ್ಮ ಸೀಮೆಯ ಕುರಿಗಾಹಿಗಳಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಲಿ ಇರುವುದು ತೋಳದಿಂದ ಕುರಿಯನ್ನು ಕಾಯಲು. ಕುರಿಯನ್ನೇ ಹೊರಗಿಡಲು ಅಲ್ಲ.

ಗೋಡೆಗಿಂತ ಬೇರೆಯಾದ ಇನ್ನೊಂದು ಉತ್ತರವೂ ಮೆಡಿಟರೇನಿಯನ್ ತೀರದಲ್ಲೇ ಹುಟ್ಟಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಸೆರೆಸಿಕ್ಕವರನ್ನು ಬಿಡಿಸಿ ತರುವುದಕ್ಕಾಗಿಯೇ 1198ರಲ್ಲಿ ಪರಮ ತ್ರಿತ್ವದ ಸಭೆಯೂ 1218ರಲ್ಲಿ ಸಂತ ಪೀಟರ್ ನೊಲಾಸ್ಕೊ ಅವರ ಮೆರ್ಸೆದಾರಿ ಸಭೆಯೂ ಸ್ಥಾಪನೆಯಾದವು. ಬಿಡುಗಡೆಯ ಹಣ ಸಾಲದಿದ್ದರೆ ಸೆರೆಯಾಳಿನ ಬದಲಿಗೆ ತಾನೇ ಒತ್ತೆಯಾಗಿ ಉಳಿಯುವೆನೆಂಬುದು ಮೆರ್ಸೆದಾರಿಗಳ ನಾಲ್ಕನೆಯ ವ್ರತ. ಬುರುಜು ಒಂದು ಊರನ್ನು ಕಾಯಿತು. ಈ ವ್ರತ ಶತ್ರುವಿನ ಕೋಟೆಯೊಳಕ್ಕೂ ಹೋಯಿತು.

ನಿಯಮ ಮತ್ತು ಬೀಗದ ಕೈ

ಗುರುಮಠದ ವಿದ್ಯಾರ್ಥಿಗಳು ಈ ವಿಷಯದಲ್ಲಿ ಧರ್ಮಸಭಾ ನಿಯಮ ಸಂಹಿತೆಯನ್ನೂ ಗಮನಿಸುವುದು ಒಳ್ಳೆಯದು. 1917ರ ಸಂಹಿತೆಯ 1179ನೆಯ ನಿಯಮವು ದೇವಾಲಯಕ್ಕೆ ಆಶ್ರಯದ ಹಕ್ಕನ್ನು ಘೋಷಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ಹಕ್ಕು ಪುಸ್ತಕದಿಂದ ಹೋಗಿರಬಹುದು. ಆಶ್ರಯ ನೀಡುವ ಕರ್ತವ್ಯ ಶುಭಸಂದೇಶದಿಂದ ಹೋಗಿಲ್ಲ. ಈಗಿನ ಸಂಹಿತೆಯ 938ನೆಯ ನಿಯಮ ಪರಮಪ್ರಸಾದದ ಪೆಟ್ಟಿಗೆ ಭದ್ರವಾಗಿರಬೇಕು, ಅದಕ್ಕೆ ಬೀಗವಿರಬೇಕು ಎನ್ನುತ್ತದೆ. ಬೀಗದ ಕೈಯನ್ನು ಅತ್ಯಂತ ಎಚ್ಚರದಿಂದ ಕಾಪಾಡಬೇಕೆಂದೂ ವಿಧಿಸುತ್ತದೆ. 1220ನೆಯ ನಿಯಮ ಪವಿತ್ರವೂ ಬೆಲೆಯುಳ್ಳವೂ ಆದ ವಸ್ತುಗಳಿಗೆ ತಕ್ಕ ಭದ್ರತೆಯನ್ನು ಕೇಳುತ್ತದೆ. ಅದೇ ಸಂಹಿತೆಯ 937ನೆಯ ನಿಯಮ, ಗಂಭೀರ ಕಾರಣವಿಲ್ಲದಿದ್ದರೆ, ಪರಮಪ್ರಸಾದವಿರುವ ದೇವಾಲಯ ದಿನದಲ್ಲಿ ಕೆಲವು ಗಂಟೆಗಳಾದರೂ ಭಕ್ತರಿಗೆ ತೆರೆದಿರಬೇಕೆನ್ನುತ್ತದೆ. 1221ನೆಯದು ಆರಾಧನೆಯ ಸಮಯದಲ್ಲಿ ಪ್ರವೇಶ ಮುಕ್ತವೂ ಉಚಿತವೂ ಆಗಿರಬೇಕೆನ್ನುತ್ತದೆ. ಇವನ್ನೆಲ್ಲ ಕೂಡಿಸಿ ಓದಿದರೆ ಒಂದು ಕ್ರಮ ಗೋಚರಿಸುತ್ತದೆ. ಬೀಗ ಬೀಳಬೇಕಾದದ್ದು ಒಳಗಿನ ಪೆಟ್ಟಿಗೆಗೆ; ಹೊರಗಿನ ಬಾಗಿಲು ಸಾಧ್ಯವಾದಷ್ಟೂ ತೆರೆದಿರಬೇಕು. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು: ಗೇಟಿಗೆ ಎರಡು ಬೀಗ, ಒಳಗೆ ಪೆಟ್ಟಿಗೆಯ ಬೀಗದ ಕೈ ಮೊಳೆಗೆ ನೇತುಹಾಕಿರುತ್ತದೆ.

ನಮ್ಮ ಜನರ ಭಯ ಕಲ್ಪಿತವಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಸೇರಿದಂತೆ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ನಡೆದದ್ದನ್ನು ಕಂಡ ತಲೆಮಾರು ಇನ್ನೂ ನಮ್ಮ ಪೀಠಗಳ ಮುಂದೆ ಕುಳಿತಿದೆ. ಅವರಿಗೆ ಧೈರ್ಯದ ಬೋಧನೆ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ರಾತ್ರಿ ಅಲ್ಲಿ ಮಲಗುವವರು ಅವರೇ ಹೊರತು ನಾವಲ್ಲ. ಆದ್ದರಿಂದ ಗೋಡೆಯ ಪ್ರಸ್ತಾಪ ಬಂದಾಗ ಗುರುಗಳಾದವರು 'ಬೇಡ' ಎನ್ನುವ ಮೊದಲೂ 'ಆಗಲಿ' ಎನ್ನುವ ಮೊದಲೂ ಮೂರು ಪ್ರಶ್ನೆಗಳನ್ನು ಸಭೆಯ ಮುಂದಿಡಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು, ಈ ಗೋಡೆ ಕಾಯುವುದು ಯಾರನ್ನು? ಮಕ್ಕಳನ್ನು, ವೃದ್ಧರನ್ನು, ಓಡಿಬಂದವರನ್ನು ಕಾಯುವುದಾದರೆ ಅದು ಇಬಿಜಾದ ಗೋಡೆ. ನಮ್ಮ ಆಸ್ತಿಯನ್ನೂ ಅಂತಸ್ತನ್ನೂ ಮಾತ್ರ ಕಾಯುವುದಾದರೆ ಮತ್ತೊಮ್ಮೆ ಯೋಚಿಸಬೇಕು. ಎರಡನೆಯದು, ಗೋಡೆಯ ಹಿಂದಿರುವ ಬಲ ಯಾರದು? ಯಾವ ಪಕ್ಷದ, ಯಾವ ಅಧಿಕಾರಿಯ, ಯಾವ ಧನಿಕನ ನೆರಳಿನಲ್ಲಿ ನಾವು ನಿಲ್ಲುತ್ತಿದ್ದೇವೆ? ನೆರಳು ಕೊಟ್ಟವನು ಬಿದ್ದ ದಿನ ಏನಾಗುತ್ತದೆ ಎಂಬುದನ್ನು ಮಂಗಳೂರು ಹೇಳಿಕೊಟ್ಟಿದೆ. ಮೂರನೆಯದು, ಬಾಗಿಲು ಯಾರಿಗೆ ತೆರೆಯುತ್ತದೆ, ಬೀಗದ ಕೈ ಯಾರ ಬಳಿ ಇದೆ? ನೆರೆಯವನೊಬ್ಬನು ಕಷ್ಟದಲ್ಲಿ ಬಂದು ತಟ್ಟಿದರೆ ತೆರೆಯುವವರು ಇದ್ದಾರೆಯೆ? ನೆರೆಯವರೊಂದಿಗಿನ ಸ್ನೇಹ ಎಲ್ಲ ಆಪತ್ತನ್ನೂ ತಡೆಯದು. ಮಿಲಾಗ್ರಿಸ್ ಅದಕ್ಕೆ ಸಾಕ್ಷಿ. ಆದರೆ ಆ ಸ್ನೇಹವಿಲ್ಲದ ಗೋಡೆ ಯಾವ ಆಪತ್ತನ್ನೂ ಬಹುಕಾಲ ತಡೆಯದು. ಹೊಸಬೆಟ್ಟು ಉಳಿದದ್ದು ಸ್ನೇಹದಿಂದ.

ನಮ್ಮ ಉಪಕೇಂದ್ರದಲ್ಲಿ ಮಳೆಗಾಲಕ್ಕೆ ಮುಂಚೆ ಎರಡನೆಯ ಸಭೆ ಸೇರಿತು. ಈ ಮೂರು ಪ್ರಶ್ನೆಗಳನ್ನು ನನ್ನಿಂದಾದ ಸರಳ ಮಾತಿನಲ್ಲಿ ಕೇಳಿದೆ. ವಾದ ಬಹಳ ಹೊತ್ತು ನಡೆಯಿತು. ಎಲ್ಲರಿಗೂ ಸಮಾಧಾನವಾಯಿತೆಂದು ಹೇಳಲಾರೆ. ಕೊನೆಗೆ ಆದ ತೀರ್ಮಾನವಿಷ್ಟು: ಕಾಣಿಕೆ ಪೆಟ್ಟಿಗೆಯನ್ನೂ ಪೂಜಾಪಾತ್ರೆಗಳನ್ನೂ ಇಡಲು ಒಳಕೋಣೆಗೆ ಗಟ್ಟಿಯಾದ ಬಾಗಿಲು, ಹಿಂಭಾಗಕ್ಕೆ ಮತ್ತು ಎರಡು ಪಕ್ಕಗಳಿಗೆ ಎದೆಮಟ್ಟದ ಗೋಡೆ, ಮುಂದಿನ ಜಗಲಿ ಗೋಡೆಯ ಹೊರಗೆ, ರಸ್ತೆಯ ಕಡೆಗೆ ತೆರೆದೇ ಇರುವುದು. ಗೋಡೆಗೆ ಕಲ್ಲು ಹೊರಲು ನೆರೆಯ ಕುರಿಗಾಹಿಗಳಲ್ಲಿ ಇಬ್ಬರು ತಾವಾಗಿಯೇ ಬಂದರು. ಮೊದಲ ಮಳೆ ಬಂದ ಸಂಜೆ ನಾನು ಅಲ್ಲಿದ್ದೆ. ಜಗಲಿಯ ಮೇಲೆ ಒದ್ದೆ ಕಂಬಳಿಗಳೂ ನಾಲ್ಕಾರು ಕುರಿಮರಿಗಳೂ ಇದ್ದವು. ಆ ವೃದ್ಧೆ ಅವರಿಗೆ ಚಹಾ ತಂದುಕೊಡುತ್ತಿದ್ದರು.